ಸರ್ ಸಿ. ವಿ. ರಾಮನ್ ಅವರೂ ಗಾಳಿಯನ್ನು ಓದುವ ಬೆಳಕೂ

ಗಾಳಿಯು ನಮ್ಮನ್ನು ಎಲ್ಲ ಕಡೆಯಿಂದಲೂ ಸುತ್ತಿಕೊಂಡಿದ್ದರೂ ಅದನ್ನು ಕಣ್ಣಿನಿಂದ ಕಂಡವರಿಲ್ಲ. ತೇವವನ್ನು ಬಿಟ್ಟು ಲೆಕ್ಕ ಹಾಕಿದರೆ ಅದರ 100 ಪಾಲುಗಳಲ್ಲಿ 78 ಪಾಲು ಸಾರಜನಕವೂ 21 ಪಾಲು ಆಮ್ಲಜನಕವೂ ಇರುವವೆಂದು ನಮ್ಮ ವಿದ್ಯಾರ್ಥಿನಿಯರು ಪಾಠದಲ್ಲಿ ಓದಿರುವರು. ಉಳಿದ ಒಂದು ಪಾಲಿನಲ್ಲಿಯೂ ಬಹುಮಟ್ಟಿಗೆ ಆರ್ಗಾನ್ ಎಂಬ ಜಡವಾದ ಅನಿಲವೇ ತುಂಬಿರುವದು. ಇವುಗಳ ನಡುವೆ, ಹುಗ್ಗಿಯಲ್ಲಿಯ ಏಲಕ್ಕಿಯಂತೆ, ಪ್ರಮಾಣದಲ್ಲಿ ಅತ್ಯಲ್ಪವಾಗಿದ್ದರೂ ಒಟ್ಟಿನ ಗುಣವನ್ನೇ ಬದಲಾಯಿಸತಕ್ಕ ಕೆಲವು ಅನಿಲಗಳುಂಟು. ನವಲಿಯಿಂದ ಕಾರಟಗಿ, ಗಂಗಾವತಿಗಳ ಕಡೆಗೆ ಹೊರಟವರಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ನಿಂತಿರುವ ಭತ್ತದ ಗದ್ದೆಗಳು ಕಾಣಿಸುವವು. ಆ ನೀರಿನ ಕೆಳಗೆ, ಗಾಳಿಯಾಡದ ಕೆಸರಿನಲ್ಲಿ ಬೇರು ಹುಲ್ಲುಗಳು ಕೊಳೆಯುವಾಗ ಮೀಥೇನ್ ಎಂಬ ಅನಿಲವು ಹುಟ್ಟಿ ಮೇಲಕ್ಕೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ 10 ಲಕ್ಷ ಪಾಲುಗಳಲ್ಲಿ ಅದು ಸುಮಾರು 2 ಪಾಲು ಮಾತ್ರ. ಆದರೂ ಭೂಮಿಯ ಶಾಖವು ಹೊರಗೆ ಹೋಗದಂತೆ ಹಿಡಿದಿಡುವದರಲ್ಲಿ ಅದು ಬಹು ಸಮರ್ಥವಾದದ್ದು.

ಇಂಥ ಅನಿಲಗಳನ್ನು ಅವುಗಳ ಬಳಿಗೆ ಹೋಗದೆ, ಸೀಸೆಯಲ್ಲಿ ಹಿಡಿಯದೆ, ನೆಲದ ಮೇಲೆ ನಿಂತುಕೊಂಡು ಲೇಸರ್ ಎಂಬ ಬೆಳಕಿನ ಕೋಲನ್ನು ಗಾಳಿಯೊಳಕ್ಕೆ ಚಾಚಿ ಗುರುತಿಸುವ ವಿದ್ಯೆಯೊಂದು ಈಗ ಲೋಕದಲ್ಲಿ ಬೆಳೆದಿದೆ. ಆ ವಿದ್ಯೆಯ ತಾಯಿಬೇರುಗಳಲ್ಲಿ ಒಂದು ನಮ್ಮ ದೇಶದಲ್ಲಿಯೇ, 1928ರಲ್ಲಿ, ಕಲಕತ್ತೆಯ ಒಂದು ಬಡ ಪ್ರಯೋಗಶಾಲೆಯಲ್ಲಿ ಇಳಿಯಿತು. ಅದಕ್ಕೆ ಕಾರಣರಾದ ಮಹಾಶಯರು ತಮ್ಮ ಆಯುಷ್ಯದ ಕೊನೆಯ 37 ವರುಷಗಳನ್ನು ನಮ್ಮ ಬೆಂಗಳೂರಿನಲ್ಲಿ ಕಳೆದರು. ಪ್ರತಿವರುಷವೂ ಫೆಬ್ರವರಿ 28ನೆಯ ದಿನದಲ್ಲಿ ಶಾಲೆಗಳಲ್ಲಿ ಅವರ ಚಿತ್ರಕ್ಕೆ ಹಾರ ಹಾಕುವದುಂಟು. ಆದರೆ ಅವರು ಕಂಡುಹಿಡಿದದ್ದು ಏನು, ಅದರಿಂದ ಆದದ್ದೇನು ಎಂದು ಕೇಳಿದರೆ ಉತ್ತರ ಕೊಡುವವರು ಕಡಿಮೆ. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ನಮ್ಮ ವಿದ್ಯಾರ್ಥಿನಿಯರಿಗೋಸ್ಕರ ಬರೆಯಲು ಮನಸ್ಸು ಮಾಡಿದ್ದೇವೆ.

ಚಂದ್ರಶೇಖರ ವೆಂಕಟ ರಾಮನ್ ಅವರು 1888ನೆಯ ಇಸವಿ ನವೆಂಬರ್ 7ನೆಯ ತಾರೀಖಿನಲ್ಲಿ ತಿರುಚಿನಾಪಳ್ಳಿಯಲ್ಲಿ ಜನಿಸಿದರು. ತಂದೆಯವರು ಚಂದ್ರಶೇಖರ ಅಯ್ಯರ್, ತಾಯಿಯವರು ಪಾರ್ವತಿ ಅಮ್ಮಾಳ್. ಎಂಟು ಮಂದಿ ಮಕ್ಕಳಲ್ಲಿ ಇವರು ಎರಡನೆಯವರು. ತಂದೆಯವರು ಉಪಾಧ್ಯಾಯ ವೃತ್ತಿಯವರು. ಮನೆಯಲ್ಲಿ ಸಂಪತ್ತು ಹೆಚ್ಚಾಗಿರಲಿಲ್ಲವಾದರೂ ಪುಸ್ತಕಗಳಿದ್ದವು, ತಂದೆಯವರು ನುಡಿಸುತ್ತಿದ್ದ ಪಿಟೀಲು ಇತ್ತು. ಬಾಲಕನಿಗೆ ನಾಲ್ಕು ವರುಷವಾಗುವ ಹೊತ್ತಿಗೆ ತಂದೆಯವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುವ ಉದ್ಯೋಗವು ದೊರೆಯಲಾಗಿ ಕುಟುಂಬವು ಆ ಸಮುದ್ರತೀರದ ಊರಿಗೆ ಹೋಯಿತು. ಅಲ್ಲಿಯ ಸೇಂಟ್ ಅಲೋಶಿಯಸ್ ಶಾಲೆಯಲ್ಲಿ ರಾಮನ್ ಅವರು ಓದಿ, ಹನ್ನೊಂದನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಕ್ರೈಸ್ತ ಮಿಶನ್ ಶಾಲೆಗಳವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವದುಂಟು. ಹನ್ನೊಂದು ವರುಷಕ್ಕೆ ಮೆಟ್ರಿಕ್ ಮುಗಿಸಿದ ಬಾಲಕನ ವಿಷಯದಲ್ಲಿ ಶಾಲೆಯ ಪಾಲಿಗಿಂತ ಬಾಲಕನ ಪಾಲೇ ಹೆಚ್ಚೆಂದು ಒಪ್ಪಿಕೊಳ್ಳುವದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1904ರಲ್ಲಿ ಬಿ. ಎ. ಪರೀಕ್ಷೆಯಲ್ಲಿ ಮೊದಲಿಗರಾಗಿ ಚಿನ್ನದ ಪದಕವನ್ನು ಪಡೆದರು. ಎಂ. ಎ. ತರಗತಿಯಲ್ಲಿರುವಾಗಲೇ, 1906ರಲ್ಲಿ, ಬೆಳಕು ಇಕ್ಕಟ್ಟಾದ ಸಂದಿನ ಅಂಚಿನಲ್ಲಿ ಹೇಗೆ ಬಾಗಿ ಪಟ್ಟೆಪಟ್ಟೆಯಾಗುವದೆಂಬ ವಿಷಯದ ಮೇಲೆ ಅವರು ಬರೆದ ಲೇಖನವು ಲಂಡನ್ನಿನ ಪ್ರಸಿದ್ಧ ಶಾಸ್ತ್ರಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗ ಅವರ ವಯಸ್ಸು ಹದಿನೆಂಟು. ಇಷ್ಟು ಬುದ್ಧಿಯುಳ್ಳವನು ವಿಲಾಯತಿಗೆ ಹೋಗಲೆಂದು ಹಿತೈಷಿಗಳು ಬಯಸಿದರೂ, ಈ ಕೃಶಶರೀರವು ಆ ಚಳಿಯನ್ನು ತಾಳಲಾರದೆಂದು ಸರಕಾರದ ವೈದ್ಯರು ತೀರ್ಮಾನಿಸಿದ್ದರಿಂದ ಆ ಬಾಗಿಲು ಮುಚ್ಚಿತು. ವಿಜ್ಞಾನವನ್ನೇ ನಂಬಿ ಬದುಕುವದಕ್ಕೆ ಆ ಕಾಲದ ಭಾರತೀಯನಿಗೆ ಬೇರೆ ದಾರಿಯಿರಲಿಲ್ಲ. 1907ರಲ್ಲಿ ಅವರು ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕುಳಿತು ಅದರಲ್ಲಿಯೂ ಮೊದಲಿಗರಾದರು. ಅದೇ ವರುಷದಲ್ಲಿ, ವೀಣೆಯನ್ನು ಬಲ್ಲವರಾಗಿದ್ದ ಲೋಕಸುಂದರಿ ಅಮ್ಮಾಳ್ ಅವರನ್ನು ವಿವಾಹವಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲಕತ್ತೆಗೆ ಹೋದರು.

ಕಲಕತ್ತೆಯ ಬೌಬಜಾರ್ ಬೀದಿಯಲ್ಲಿ, 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಅವರು ಚಂದಾ ಕೂಡಿಸಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಪೋಷಣಾ ಸಂಘವೊಂದಿತ್ತು. ಕಟ್ಟಡವೂ ಕೆಲವು ಉಪಕರಣಗಳೂ ಇದ್ದವು. ಕೆಲಸ ಮಾಡುವವರು ಇರಲಿಲ್ಲ. ರಾಮನ್ ಅವರು ಅದನ್ನು ಕಂಡುಕೊಂಡದ್ದೇ ತಡ, ಕಛೇರಿಗೆ ಹೋಗುವ ಮುಂಚೆ ಬೆಳಗಿನ ಜಾವದಲ್ಲಿಯೂ ಕಛೇರಿ ಮುಗಿದ ಮೇಲೆ ರಾತ್ರಿಯವರೆಗೂ ಅಲ್ಲಿಯೇ ಇರತೊಡಗಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದ ಸ್ವಲ್ಪ ಕಾಲವನ್ನು ಬಿಟ್ಟರೆ, ಹತ್ತು ವರುಷ ಹಗಲು ಸರಕಾರದ ಲೆಕ್ಕವನ್ನೂ ಮಿಕ್ಕ ವೇಳೆಯಲ್ಲಿ ನಾದದ ಲೆಕ್ಕವನ್ನೂ ನೋಡಿದರು. ಪಿಟೀಲಿನ ತಂತಿ, ವೀಣೆಯ ಕುದುರೆ, ಮೃದಂಗದ ಕರಣೆ ಇವು ಅವರ ಆಗಿನ ಅಭ್ಯಾಸದ ವಸ್ತುಗಳು. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯಿಂದಲೇ ಆ ವಾದ್ಯಕ್ಕೆ ಸಾಧಾರಣ ಚರ್ಮವಾದ್ಯಗಳಲ್ಲಿಲ್ಲದ ಶ್ರುತಿಶುದ್ಧಿಯು ಬರುವದೆಂದು ಅವರು ತೋರಿಸಿಕೊಟ್ಟರು. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಕಂಪನವುಂಟೆಂಬ ವಿಚಾರವು ಅವರ ಮನಸ್ಸಿನಲ್ಲಿ ಬೆಳಕಿಗಿಂತ ಮೊದಲು ನಾದದ ಮೂಲಕ ಬೇರೂರಿತೆಂಬದನ್ನು ನಾವು ಇಲ್ಲಿ ಗಮನಿಸಬೇಕು. ಮುಂದಿನ ಕಥೆಗೆ ಅದು ಬೇಕಾದೀತು.

1917ರಲ್ಲಿ ಸರ್ ಅಶುತೋಷ ಮುಖರ್ಜಿಯವರು ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಾಲಿತ್ ಪ್ರೊಫೆಸರ್ ಪದವಿಯನ್ನು ಅವರಿಗೆ ಕೊಟ್ಟರು. ಸರಕಾರದ ಸಂಬಳಕ್ಕಿಂತ ಇಲ್ಲಿಯ ಸಂಬಳವು ಬಹಳ ಕಡಿಮೆ. ಹೆಂಡತಿಯುಳ್ಳ ಗೃಹಸ್ಥನು ಭದ್ರವಾದ ದೊಡ್ಡ ಉದ್ಯೋಗವನ್ನು ಬಿಟ್ಟು ಉಪಾಧ್ಯಾಯನಾಗುವದೆಂದರೆ ನಮ್ಮ ಜನರು ಈಗಲೂ ತಲೆಯಾಡಿಸುವರು. ರಾಮನ್ ಅವರು ಹಿಂದೆ ಮುಂದೆ ನೋಡಲಿಲ್ಲ.

1921ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೂಡಿದ ವಿಶ್ವವಿದ್ಯಾಲಯಗಳ ಸಭೆಗಾಗಿ ಅವರು ಮೊದಲನೆಯ ಬಾರಿಗೆ ವಿಲಾಯತಿಗೆ ಪ್ರಯಾಣ ಮಾಡಿದರು. ಮರಳಿ ಬರುವಾಗ ನರ್ಕುಂಡಾ ಎಂಬ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ಗಾಢನೀಲವನ್ನು ನೋಡಿದರು. ಆಕಾಶದ ನೀಲಿಗೆ ಗಾಳಿಯ ಕಣಗಳು ಬೆಳಕನ್ನು ಚದರಿಸುವದೇ ಕಾರಣವೆಂದು ಲಾರ್ಡ್ ರೇಲಿಯವರು ಮೊದಲೇ ಸ್ಥಾಪಿಸಿದ್ದರು. ಸಮುದ್ರದ ನೀಲಿಯಾದರೋ ಆಕಾಶದ ಪ್ರತಿಬಿಂಬವೇ ಹೊರತು ಬೇರೆಯಲ್ಲವೆಂಬದು ಅವರ ಮತವಾಗಿತ್ತು. ರಾಮನ್ ಅವರ ಬಳಿಯಲ್ಲಿ ನಿಕಲ್ ಪ್ರಿಸಮ್ ಎಂಬ ಚಿಕ್ಕ ಹರಳಿತ್ತು. ಅದನ್ನು ತಕ್ಕ ಕೋನದಲ್ಲಿ ಹಿಡಿದು ನೋಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕು ಅಡಗಿಹೋಗುವದು. ಹಾಗೆ ಅಡಗಿಸಿ ನೋಡಿದಾಗಲೂ ಸಮುದ್ರವು ನೀಲವಾಗಿಯೇ ಇತ್ತು. ಮೊದಲಿಗಿಂತ ಹೆಚ್ಚಾಗಿಯೇ ನೀಲವಾಗಿತ್ತು. ಹಾಗಾದರೆ ನೀರಿನ ಕಣಗಳೂ ಗಾಳಿಯ ಕಣಗಳಂತೆ ಬೆಳಕನ್ನು ಚದರಿಸುತ್ತವೆ. ಹಡಗಿನ ಮೇಲೆ ಎಷ್ಟೋ ಮಂದಿ ಪ್ರಯಾಣಿಕರು ಅದೇ ಸಮುದ್ರವನ್ನು ನೋಡಿದ್ದರು. ಜೇಬಿನಲ್ಲಿ ಹರಳಿಟ್ಟುಕೊಂಡು ನೋಡಿದವರು ಒಬ್ಬರೇ.

ಅಲ್ಲಿಂದ ಏಳು ವರುಷ ಅವರೂ ಅವರ ಶಿಷ್ಯರೂ ಬೆಳಕಿನ ಚದರುವಿಕೆಯೊಂದನ್ನೇ ಹಿಡಿದು ಕೆಲಸ ಮಾಡಿದರು. 1923ರಲ್ಲಿ ಕೆ. ಆರ್. ರಾಮನಾಥನ್ ಎಂಬ ಶಿಷ್ಯರು ನೇರಳೆ ಬಣ್ಣದ ಬೆಳಕನ್ನು ಶುದ್ಧವಾದ ನೀರಿನೊಳಗೆ ಹಾಯಿಸಿದಾಗ, ಚದರಿ ಬಂದ ಬೆಳಕಿನಲ್ಲಿ ಒಳಗೆ ಬಿಡದೆ ಇದ್ದ ಹಸಿರಿನ ಸುಳಿವು ಕಂಡಿತು. ನೀರಿನಲ್ಲಿ ಕಲ್ಮಷವಿರಬಹುದೆಂದು ಮತ್ತೆ ಮತ್ತೆ ಶುದ್ಧಿಮಾಡಿದರು. ಆ ಸುಳಿವು ಹೋಗಲಿಲ್ಲ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಎಂಬ ಇನ್ನೊಬ್ಬ ಶಿಷ್ಯರೊಡನೆ ರಾಮನ್ ಅವರು ತಾವೇ ಈ ಕೆಲಸಕ್ಕೆ ಕೈಹಾಕಿದರು. ಏಳು ಅಂಗುಲದ ಮಸೂರದ ದೂರದರ್ಶಕದಿಂದ ಬಿಸಿಲನ್ನು ಕೂಡಿಸಿ, ಬಣ್ಣದ ಗಾಜಿನಿಂದ ಸೋಸಿ, ಸುಮಾರು 60 ದ್ರವಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದರು. ಎಲ್ಲದರಲ್ಲಿಯೂ ಅದೇ ಸುಳಿವು. ಫೆಬ್ರವರಿ 28ರಂದು ಬಿಸಿಲಿಗೆ ಬದಲಾಗಿ ಪಾದರಸದ ದೀಪದ ಒಂದೇ ಬಣ್ಣದ ಬೆಳಕನ್ನು ಬಿಟ್ಟು ವರ್ಣದರ್ಶಕದಿಂದ ನೋಡಿದಾಗ, ಬಿಟ್ಟ ಬೆಳಕಿನ ಗೆರೆಯ ಆಚೆಗೆ, ನಡುವೆ ಕತ್ತಲೆಯ ಅಂತರವನ್ನು ಬಿಟ್ಟು, ಬೇರೊಂದು ಗೆರೆಯು ಸ್ಪಷ್ಟವಾಗಿ ಕಾಣಿಸಿತು. ಮರುತಿಂಗಳು 16ನೆಯ ತಾರೀಖಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದವರ ಮುಂದೆ ಇದನ್ನೆಲ್ಲ ವಿವರಿಸಿ ಅವರು ಉಪನ್ಯಾಸ ಮಾಡಿದರು. ಅದು ನಡೆದದ್ದು ಕಲಕತ್ತೆಯಲ್ಲಲ್ಲ, ಬೆಂಗಳೂರಿನಲ್ಲಿ.

ಈ ಗೆರೆಯ ಅರ್ಥವನ್ನು ಸ್ವಲ್ಪ ನಿಧಾನವಾಗಿ ಹೇಳುವದು ಒಳ್ಳೇದು. ಅಣುಗಳೆಂದರೆ ಸುಮ್ಮನೆ ಬಿದ್ದಿರುವ ಕಲ್ಲುಗಳಲ್ಲ. ಮೃದಂಗಕ್ಕೆ ಒಂದು ಶ್ರುತಿಯಿರುವಂತೆ ಪ್ರತಿಯೊಂದು ಜಾತಿಯ ಅಣುವಿಗೂ ತನ್ನದೇ ಆದ ಕಂಪನವುಂಟು. ಬೆಳಕಿನ ಕಣವು ಅಣುವನ್ನು ತಾಕಿ ಹಿಂದಿರುಗುವಾಗ ಬಹುಮಟ್ಟಿಗೆ ತಂದಷ್ಟನ್ನೇ ತೆಗೆದುಕೊಂಡು ಹೋಗುವದು. ಆದರೆ ಎಲ್ಲೋ ಅಪರೂಪಕ್ಕೊಮ್ಮೆ ಆ ಅಣುವು ಸುಂಕದ ಕಟ್ಟೆಯವನಂತೆ ಬೆಳಕಿನ ಶಕ್ತಿಯಲ್ಲಿ ಒಂದು ಪಾಲನ್ನು ಹಿಡಿದುಕೊಂಡು ತಾನು ಕಂಪಿಸತೊಡಗುವದು. ಶಕ್ತಿ ಕಡಿಮೆಯಾದ ಬೆಳಕು ಕೆಂಪಿನ ಕಡೆಗೆ ಜರುಗಿ ಹೊರಬೀಳುವದು. ಈ ಸುಂಕವು ಅಣುವಿನ ಜಾತಿಗೆ ತಕ್ಕಂತೆ ಗೊತ್ತಾಗಿದೆ. ಯಾವ ಬಣ್ಣದ ಬೆಳಕನ್ನು ಬಿಟ್ಟರೂ ಅದು ಬದಲಾಗುವದಿಲ್ಲ. ಒಂದು ಸೆಂಟಿಮೀಟರಿನಲ್ಲಿ ಅಡಗುವ ಅಲೆಗಳ ಸಂಖ್ಯೆಯಿಂದ ಎಣಿಸುವ ಶಾಸ್ತ್ರಜ್ಞರ ಮಾನದಲ್ಲಿ ಆಮ್ಲಜನಕದ ಸುಂಕವು 1556, ಸಾರಜನಕದ್ದು 2331, ನೀರಾವಿಯದು ಸುಮಾರು 3652. ಆದ್ದರಿಂದ ಹಿಂದಿರುಗಿದ ಬೆಳಕು ಎಷ್ಟು ಕಳೆದುಕೊಂಡಿದೆಯೆಂದು ನೋಡಿದರೆ ಅದು ಯಾರ ಬಾಗಿಲಿಗೆ ಹೋಗಿ ಬಂತೆಂದು ಹೇಳಬಹುದು. ದ್ರವಗಳಲ್ಲಿ ಕಂಡ ಈ ಗೆರೆಗಳನ್ನು ಸಾರಜನಕ, ಆಮ್ಲಜನಕ ಮೊದಲಾದ ಅನಿಲಗಳಲ್ಲಿಯೂ 1929ರಲ್ಲಿ ಇಟಲಿಯವರಾದ ರಾಸೆಟ್ಟಿ ಎಂಬ ವಿದ್ವಾಂಸರು ಅಮೆರಿಕದಲ್ಲಿ ಕೆಲಸ ಮಾಡುತ್ತ ಕಂಡುಕೊಂಡರು. ಇದೇ ಪರಿಣಾಮವನ್ನು ರಾಮನ್ ಅವರು ಕಂಡ ಕಾಲದಲ್ಲಿಯೇ ರಶಿಯಾ ದೇಶದ ಲ್ಯಾಂಡ್ಸ್‌ಬರ್ಗ್, ಮಂಡೆಲ್‌ಶ್ಟಾಮ್ ಎಂಬವರು ಹರಳುಗಳಲ್ಲಿ ಸ್ವತಂತ್ರವಾಗಿ ಕಂಡಿದ್ದರೆಂಬದನ್ನೂ ಹೇಳದೆ ಬಿಡುವದು ಸರಿಯಲ್ಲ.

1929ರಲ್ಲಿ ಅವರಿಗೆ ಸರ್ ಎಂಬ ಬಿರುದೂ 1930ರಲ್ಲಿ ನೊಬೆಲ್ ಪಾರಿತೋಷಕವೂ ದೊರೆತವು. ವಿಜ್ಞಾನದಲ್ಲಿ ಈ ಪಾರಿತೋಷಕವನ್ನು ಪಡೆದ ಏಷ್ಯಾಖಂಡದವರಲ್ಲಿ ಅವರೇ ಮೊದಲಿಗರು. ಪಾರಿತೋಷಕದ ಸುದ್ದಿ ಬರುವದಕ್ಕೆ ಎಷ್ಟೋ ತಿಂಗಳು ಮೊದಲೇ ಸ್ವೀಡನ್ನಿಗೆ ಹೋಗುವ ಹಡಗಿನಲ್ಲಿ ತಮಗೂ ಪತ್ನಿಯವರಿಗೂ ಸ್ಥಳವನ್ನು ಗೊತ್ತುಮಾಡಿಸಿದ್ದರೆಂದು ಹೇಳುವದುಂಟು. ವಿನಯವು ಅವರ ಗುಣಗಳಲ್ಲಿ ಮುಖ್ಯವಾದದ್ದಾಗಿರಲಿಲ್ಲ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. ಆ ಪದವಿಯಲ್ಲಿ ಕುಳಿತ ಭಾರತೀಯರಲ್ಲಿ ಮೊದಲಿಗರು ಅವರೇ. ಮರುವರುಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಸಂಸ್ಥೆಯ ಆಡಳಿತದಲ್ಲಿ ಮಾತ್ರ ಅವರಿಗೂ ಉಳಿದವರಿಗೂ ಸರಿಬೀಳದೆ 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು, 1948ರ ವರೆಗೆ ಅಲ್ಲಿಯೇ ಭೌತಶಾಸ್ತ್ರದ ಪ್ರೊಫೆಸರರಾಗಿ ಉಳಿದರು. ಆ ಜಗಳಗಳ ವಿವರವು ಈಗ ಯಾರಿಗೂ ಬೇಡ.

ಆದರೆ ಹೆಣ್ಣುಮಕ್ಕಳ ಶಾಲೆಯವರಾದ ನಾವು ದಾಟಿಹೋಗಲಾಗದ ಸಂಗತಿಯೊಂದು ಅದೇ 1933ರಲ್ಲಿ ನಡೆಯಿತು. ಮುಂಬಯಿ ವಿಶ್ವವಿದ್ಯಾಲಯದ ಬಿ. ಎಸ್‌ಸಿ. ಪರೀಕ್ಷೆಯಲ್ಲಿ ಮೊದಲಿಗಳಾಗಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ತರುಣಿಯು ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದಾಗ, ಹೆಂಗಸೆಂಬ ಕಾರಣದಿಂದ ರಾಮನ್ ಅವರು ಅದನ್ನು ತಿರಸ್ಕರಿಸಿದರು. ಆಕೆ ಸುಮ್ಮನೆ ಹಿಂದಿರುಗದೆ, ಅವರ ಎದುರಿಗೇ ಬಂದು ತನ್ನ ಹಕ್ಕನ್ನು ಕೇಳಿದಳು. ಕೊನೆಗೆ ಆಕೆಗೆ ಸ್ಥಳ ಸಿಕ್ಕಿತಾದರೂ ಗಂಡಸರಿಗೆ ಹಾಕದ ಷರತ್ತುಗಳ ಮೇಲೆ ಸಿಕ್ಕಿತು. ಮೊದಲನೆಯ ವರುಷ ಆಕೆಯನ್ನು ಪೂರ್ಣ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ, ಆಕೆಯಿಂದ ಉಳಿದವರ ಮನಸ್ಸು ಚಂಚಲವಾಗತಕ್ಕದ್ದಲ್ಲ ಎಂಬಿವು ಅವುಗಳಲ್ಲಿ ಸೇರಿದ್ದವು. ಆಕೆ ಆ ವರುಷವನ್ನು ಕಳೆದಳು. ರಾಮನ್ ಅವರು ಆಕೆಯ ಕೆಲಸವನ್ನು ಮೆಚ್ಚಿಕೊಂಡರು. ಅಂದಿನಿಂದ ಸಂಸ್ಥೆಯಲ್ಲಿ ಹೆಂಗಸರಿಗೆ ಪ್ರವೇಶವಾಯಿತು. ಮುಂದೆ ಕಮಲಾ ಸೊಹೋನಿಯೆಂದು ಪ್ರಸಿದ್ಧರಾದ ಇವರು 1939ರಲ್ಲಿ ಕೇಂಬ್ರಿಜ್ಜಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ರಾಮನ್ ಅವರು ದೊಡ್ಡವರೆಂಬದರಲ್ಲಿ ನಮಗೆ ಸಂದೇಹವಿಲ್ಲ. ನೀರಿನ ಬಣ್ಣದ ವಿಷಯದಲ್ಲಿ ಲೋಕವೆಲ್ಲ ಒಪ್ಪಿದ ಮಾತನ್ನು ಹರಳು ಹಿಡಿದು ಪರೀಕ್ಷಿಸಿದವರು, ಹೆಂಗಸರ ಬುದ್ಧಿಯ ವಿಷಯದಲ್ಲಿ ಲೋಕದ ಮಾತನ್ನು ಪರೀಕ್ಷೆಯಿಲ್ಲದೆ ಒಪ್ಪಿದ್ದರೆಂಬದರಲ್ಲಿಯೂ ಸಂದೇಹವಿಲ್ಲ. ಪ್ರಮಾಣವನ್ನು ಕಂಡ ಮೇಲೆ ಬಾಗಿಲು ತೆರೆದರೆಂಬದು ಅವರಿಗೆ ಸಲ್ಲಬೇಕಾದ ನ್ಯಾಯ.

ಆ ಬಾಗಿಲಿನಿಂದ ಅವರ ಸ್ವಂತ ಪ್ರಯೋಗಶಾಲೆಗೆ ಬಂದವರಲ್ಲಿ ಲಲಿತಾ ದೊರೆಸ್ವಾಮಿ, ಸುನಂದಾಬಾಯಿ, ಅನ್ನಾ ಮಣಿ ಎಂಬ ಮೂವರು ಮುಖ್ಯರು. ಇವರಲ್ಲಿ ಅನ್ನಾ ಮಣಿಯವರು ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆಗಳನ್ನು ಕೊಡಬಂದಾಗ, ಅವು ಬೇಡ, ವಿಶ್ವಕೋಶದ ಸಂಪುಟಗಳು ಬೇಕೆಂದು ಬಾಲಕಿ ಕೇಳಿದ್ದು ಪ್ರಸಿದ್ಧವಾದ ಕಥೆ. 1940ರಲ್ಲಿ ರಾಮನ್ ಅವರ ಬಳಿಗೆ ಬಂದಾಗ ಅವರ ಕೈಗೆ ಬಂದದ್ದು ವಜ್ರಗಳೇ! ಓಲೆಯಲ್ಲಿ ಬೇಡವಾದವು ವರ್ಣದರ್ಶಕದ ಮುಂದೆ ಬೇಕಾದವು. ಮೂವತ್ತಕ್ಕೂ ಹೆಚ್ಚು ವಜ್ರಗಳು ಬೆಳಕನ್ನು ಹೇಗೆ ಹೀರುವವು, ಹೇಗೆ ಚದರಿಸುವವು, ಹೇಗೆ ಹೊಳೆಯುವವು ಎಂದು ಅವರು ದಾಖಲಿಸಿದರು. ಒಂದೊಂದು ಫೋಟೋ ಫಲಕಕ್ಕೆ 15ರಿಂದ 20 ಗಂಟೆಗಳ ವರೆಗೆ ಬೆಳಕು ಬೀಳಬೇಕಾಗಿದ್ದರಿಂದ ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲಿಯೇ ಮಲಗಿದರು. ಐದು ಲೇಖನಗಳನ್ನು ತಾವೊಬ್ಬರೇ ಬರೆದು ಪ್ರಕಟಿಸಿ, 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯು ಅವರಿಗೆ ಸಿಕ್ಕಲಿಲ್ಲ.

ಸಿಕ್ಕದ ಪದವಿಗಾಗಿ ಕೊರಗುತ್ತ ಕೂರದೆ ಅವರು ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು, 1948ರಲ್ಲಿ ಭಾರತದ ಹವಾಮಾನ ಇಲಾಖೆಯನ್ನು ಪುಣೆಯಲ್ಲಿ ಸೇರಿದರು. ಅಲ್ಲಿ 1960ರ ಸುಮಾರಿಗೆ ಅವರು ಕೈಗೆತ್ತಿಕೊಂಡದ್ದು ಓಝೋನ್ ಎಂಬ ಅತ್ಯಲ್ಪ ಅನಿಲದ ಅಳತೆಯನ್ನು. ನೆತ್ತಿಯ ಮೇಲಿನ ಆಕಾಶದಲ್ಲಿರುವ ಓಝೋನನ್ನೆಲ್ಲ ಕೆಳಗಿಳಿಸಿ ನೆಲದ ಮೇಲೆ ಹಾಸಿದರೆ ಅದರ ದಪ್ಪವು ಸುಮಾರು 3 ಮಿಲಿಮೀಟರ್ ಮಾತ್ರ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟಷ್ಟು. ಸೂರ್ಯನ ಸುಡುವ ನೇರಳಾತೀತ ಕಿರಣಗಳಿಂದ ಗದ್ದೆಯ ಸಸಿಯನ್ನೂ ನಮ್ಮ ಕಣ್ಣುಗಳನ್ನೂ ಕಾಯುವದು ಆ ಮೂರು ಮಿಲಿಮೀಟರಿನ ಹೊದಿಕೆಯೇ. ಬಲೂನಿನ ಜೊತೆಯಲ್ಲಿ ಮೇಲಕ್ಕೇರಿ ಎತ್ತರೆತ್ತರದಲ್ಲಿ ಓಝೋನ್ ಎಷ್ಟಿದೆಯೆಂದು ತಿಳಿಸುವ ಭಾರತೀಯ ಉಪಕರಣವನ್ನು ಅನ್ನಾ ಮಣಿಯವರೂ ಅವರ ಸಂಗಡಿಗರೂ ಸಿದ್ಧಪಡಿಸಿದರು. ಇದರಲ್ಲಿ ಇನ್ನೊಂದು ಸೋಜಿಗವುಂಟು. ನೀರಿನಲ್ಲಿ ಹಸಿರಿನ ಸುಳಿವನ್ನು ಮೊದಲು ಕಂಡ ಆ ರಾಮನಾಥನ್ ಅವರೂ ಹವಾಮಾನ ಇಲಾಖೆಯನ್ನು ಸೇರಿ, ಓಝೋನಿನ ಅಭ್ಯಾಸದಲ್ಲಿ ತೊಡಗಿ, ಅಂತರರಾಷ್ಟ್ರೀಯ ಓಝೋನ್ ಆಯೋಗದ ಅಧ್ಯಕ್ಷರಾದರು. ಬಿಸಿಲಿನಲ್ಲಿ ಓಝೋನ್ ಹೆಚ್ಚಾಗಿ ಹೀರುವ ಒಂದು ಬಣ್ಣವನ್ನೂ ಕಡಿಮೆ ಹೀರುವ ಇನ್ನೊಂದು ಬಣ್ಣವನ್ನೂ ಹೋಲಿಸಿ ಅದರ ಒಟ್ಟು ಪ್ರಮಾಣವನ್ನು ತಿಳಿಯುವ ಡಾಬ್ಸನ್ ಯಂತ್ರವು ಅವರ ಮುಖ್ಯ ಸಾಧನವಾಗಿತ್ತು. ಈ ಎರಡು ಬಣ್ಣಗಳ ಉಪಾಯವನ್ನು ವಿದ್ಯಾರ್ಥಿನಿಯರು ನೆನಪಿನಲ್ಲಿಡಲಿ.

ರಾಮನ್ ಅವರ ಕಡೆಗೆ ತಿರುಗೋಣ. ಮೈಸೂರಿನ ಮಹಾರಾಜರು ದಯಪಾಲಿಸಿದ ಭೂಮಿಯಲ್ಲಿ ಕಟ್ಟಿಸಿದ ರಾಮನ್ ಸಂಶೋಧನಾಲಯವು 1948ರಲ್ಲಿ ಆರಂಭವಾಗಲು, ಸಂಸ್ಥೆಯಿಂದ ನಿವೃತ್ತರಾದ ಅವರು ಅಲ್ಲಿಗೆ ಹೋದರು. ಸರಕಾರದ ಹಣವನ್ನು ತೆಗೆದುಕೊಂಡರೆ ಸ್ವಾತಂತ್ರ್ಯವು ಹೋಗುವದೆಂದು ಅದನ್ನು ದೂರವಿಟ್ಟರು. ವಜ್ರ, ಮುತ್ತು, ಚಿಟ್ಟೆಯ ರೆಕ್ಕೆ, ಹೂವಿನ ಬಣ್ಣ ಇವೇ ಅವರ ಮುಪ್ಪಿನ ಸಂಗಾತಿಗಳು. 1954ರಲ್ಲಿ ಭಾರತರತ್ನ ಬಿರುದು ಬಂತು.

ಈ ಕಾಲದಲ್ಲಿಯೇ ದೂರದ ಅಮೆರಿಕದಲ್ಲಿ 1960ನೆಯ ಇಸವಿ ಮೇ ತಿಂಗಳಲ್ಲಿ ಮೈಮನ್ ಎಂಬವರು ಮಾಣಿಕ್ಯದ ಹರಳಿನಿಂದ ಮೊದಲನೆಯ ಲೇಸರನ್ನು ಬೆಳಗಿಸಿದರು. ದೀಪದ ಬೆಳಕು ಎಲ್ಲ ಕಡೆಗೂ ಹರಡುವದು, ಅದರಲ್ಲಿ ಹಲವು ಬಣ್ಣಗಳು ಬೆರೆತಿರುವವು. ಲೇಸರಿನ ಬೆಳಕಾದರೋ ಒಂದೇ ಬಣ್ಣದ್ದಾಗಿ ಒಂದೇ ಗೆರೆಯಲ್ಲಿ ಸಾಗುವದು. ಅದನ್ನು ಕ್ಷಣದ ಅತಿಸೂಕ್ಷ್ಮ ಅಂಶದ ಕಾಲ ಮಾತ್ರ ಹೊಡೆಯುವಂತೆ ಮಾಡಿ ಆಕಾಶಕ್ಕೆ ಬಿಟ್ಟರೆ, ದಾರಿಯುದ್ದಕ್ಕೂ ಗಾಳಿಯ ಅಣುಗಳು ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಚದರಿಸುವವು. ನೆಲದ ಮೇಲಿನ ದೂರದರ್ಶಕವು ಅದನ್ನು ಹಿಡಿದುಕೊಳ್ಳುವದು. ಬೆಳಕಿನ ವೇಗವು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್; ಆದ್ದರಿಂದ ಸೆಕೆಂಡಿನ ಲಕ್ಷದಲ್ಲಿ ಎರಡು ಪಾಲು ಕಾಲದ ಮೇಲೆ ಬಂದ ಬೆಳಕು 3 ಕಿಲೋಮೀಟರ್ ಎತ್ತರದಿಂದ ಬಂದದ್ದೆಂದು ಲೆಕ್ಕ. ಬಾವಿಗೆ ಕಲ್ಲು ಹಾಕಿ ಸದ್ದು ಕೇಳುವ ತನಕ ಎಣಿಸಿ ಆಳವನ್ನು ಊಹಿಸುವ ಉಪಾಯದಂತೆಯೇ ಇದೂ. ಈ ಸಾಧನಕ್ಕೆ ಲಿಡಾರ್ ಎಂದು ಹೆಸರು.

ಕಾಲವು ಎತ್ತರವನ್ನು ಹೇಳಿತು. ಅನಿಲದ ಜಾತಿಯನ್ನು ಹೇಳುವವರಾರು? ರಾಮನ್ ಅವರ ಸುಂಕದ ಲೆಕ್ಕವೇ. 355 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ 355 ಪಾಲು, ಅಲೆಯುದ್ದದ ನೇರಳಾತೀತ ಕಿರಣವನ್ನು ಮೇಲಕ್ಕೆ ಬಿಟ್ಟರೆ, ಆಮ್ಲಜನಕಕ್ಕೆ ಸುಂಕ ತೆತ್ತು ಬಂದ ಬೆಳಕು ಸುಮಾರು 375ಕ್ಕೂ ಸಾರಜನಕಕ್ಕೆ ತೆತ್ತು ಬಂದದ್ದು 387ಕ್ಕೂ ನೀರಾವಿಗೆ ತೆತ್ತು ಬಂದದ್ದು ಸುಮಾರು 408ಕ್ಕೂ ಜರುಗಿರುವದು. ಮೂರನ್ನೂ ಬೇರೆ ಬೇರೆ ಸೋಸಿ ಎಣಿಸಿ, ನೀರಾವಿಯ ಲೆಕ್ಕವನ್ನು ಸಾರಜನಕದ ಲೆಕ್ಕದಿಂದ ಭಾಗಿಸಿದರೆ ಒಂದೊಂದು ಎತ್ತರದಲ್ಲಿಯೂ ಗಾಳಿಯಲ್ಲಿ ತೇವವೆಷ್ಟೆಂದು ತಿಳಿಯುವದು. 1967ರಲ್ಲಿ ಆಕಾಶದ ಸಾರಜನಕ, ಆಮ್ಲಜನಕಗಳಿಂದಲೂ 1969ರಲ್ಲಿ ನೀರಾವಿಯಿಂದಲೂ ರಾಮನ್ ಕಿರಣಗಳು ಹೀಗೆ ಹಿಂದಿರುಗಿ ಬಂದದ್ದನ್ನು ಅಮೆರಿಕದವರು ಕಂಡರು. ಆಗ ರಾಮನ್ ಅವರು ಬೆಂಗಳೂರಿನಲ್ಲಿ ಎಂಬತ್ತರ ವಯಸ್ಸಿನಲ್ಲಿ ಇನ್ನೂ ಕೆಲಸ ಮಾಡುತ್ತಿದ್ದರು.

ಈ ಕಿರಣಗಳು ಬಹು ಬಡವಾದವು. ಸಾರಜನಕದಂಥ ಹೇರಳವಾದ ಅನಿಲದಲ್ಲಿಯೂ ಸುಂಕ ತೆತ್ತು ಬರುವ ಬೆಳಕು ಸುಮ್ಮನೆ ಚದರುವ ಬೆಳಕಿನ ಸುಮಾರು ಸಾವಿರದಲ್ಲೊಂದು ಪಾಲಿನಷ್ಟೇ. ಹಗಲಿನ ಬಿಸಿಲಿನಲ್ಲಿ ಅವು ಮುಳುಗಿಹೋಗುವದರಿಂದ ರಾತ್ರಿಯೇ ಇದಕ್ಕೆ ತಕ್ಕ ಸಮಯ. ಹತ್ತು ಲಕ್ಷದಲ್ಲಿ ಎರಡು ಪಾಲಾಗಿ ಹರಡಿರುವ ಮೀಥೇನನ್ನು ದೂರದ ಆಕಾಶದಲ್ಲಿ ಅವುಗಳಿಂದ ಅಳೆಯುವದು ಕಷ್ಟ. ಅಂಥಲ್ಲಿ ಡಾಬ್ಸನ್ ಯಂತ್ರದ ಎರಡು ಬಣ್ಣಗಳ ಉಪಾಯವೇ ಲೇಸರಿನ ವೇಷದಲ್ಲಿ ಬಂದಿತು. ಅನಿಲವು ಹೀರುವ ಬಣ್ಣದ ಲೇಸರೊಂದನ್ನೂ ಅದರ ಪಕ್ಕದ, ಹೀರದ ಬಣ್ಣದ ಲೇಸರೊಂದನ್ನೂ ಬಿಟ್ಟು, ಹಿಂದಿರುಗಿದ ಎರಡನ್ನೂ ಹೋಲಿಸುವರು. ಒಂದರಲ್ಲಿ ಹೆಚ್ಚಾಗಿ ಕಂಡ ಕೊರತೆಯೇ ಅನಿಲದ ಅಳತೆ. ಇಂಗ್ಲಂಡಿನ ರಾಷ್ಟ್ರೀಯ ಭೌತ ಪ್ರಯೋಗಶಾಲೆಯವರು ಇಂಥ ಸಾಧನವನ್ನು ದೊಡ್ಡ ಮೋಟಾರು ವಾಹನದಲ್ಲಿಟ್ಟುಕೊಂಡು ಎಣ್ಣೆಯ ಕಾರ್ಖಾನೆಗಳ ಬಳಿಯಲ್ಲಿ ಸೋರುವ ಮೀಥೇನ್ ಮೊದಲಾದ ಅನಿಲಗಳನ್ನು ಅಳೆದಿರುವರು.

ಈ ಎರಡನೆಯ ಉಪಾಯದಲ್ಲಿಯೂ ರಾಮನ್ ಅವರನ್ನು ಬಿಟ್ಟು ನಡೆಯದಂತಾದದ್ದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಓಝೋನಿಗೆ ತಕ್ಕ ಬಣ್ಣದ ಲೇಸರುಗಳು ಸುಲಭವಾಗಿ ಸಿಕ್ಕುವದಿಲ್ಲ. ಆದರೆ ಬಲವಾದ ಲೇಸರನ್ನು ತಕ್ಕ ವಸ್ತುವಿನೊಳಗೆ ಹಾಯಿಸಿದರೆ ರಾಮನ್ ಪರಿಣಾಮವು ತಾನೇ ತಾನಾಗಿ ಬಲಗೊಂಡು, ಜರುಗಿದ ಬಣ್ಣದ ಹೊಸ ಲೇಸರೇ ಹುಟ್ಟುವದೆಂದು 1962ರಲ್ಲಿ ತಿಳಿದುಬಂದಿತ್ತು. ಆದಕಾರಣ 266 ನ್ಯಾನೋಮೀಟರಿನ ಕಿರಣವನ್ನು ಜಲಜನಕ ತುಂಬಿದ ನಳಿಗೆಯಲ್ಲಿ ಹಾಯಿಸಿ 299ನ್ನೂ, ಭಾರಜಲಜನಕ ತುಂಬಿದ ನಳಿಗೆಯಲ್ಲಿ ಹಾಯಿಸಿ 289ನ್ನೂ ಪಡೆಯುವರು. ಓಝೋನ್ 289ನ್ನು ಹೆಚ್ಚಾಗಿ ಹೀರುವದು, 299ನ್ನು ಕಡಿಮೆ. ಈ ಲೇಸರಿನ ಅಳತೆಯು ಸರಿಯಾಗಿದೆಯೋ ಇಲ್ಲವೋ ಎಂದು ನೋಡುವದಕ್ಕೆ, ಅನ್ನಾ ಮಣಿಯವರು ಸಿದ್ಧಪಡಿಸಿದಂಥ ಬಲೂನಿನ ಉಪಕರಣಗಳ ಅಳತೆಯೊಡನೆ ಹೋಲಿಸುವದು ವಾಡಿಕೆ. ನಮ್ಮ ನೆರೆಯ ಆಂಧ್ರದಲ್ಲಿ, ತಿರುಪತಿಯ ಹತ್ತಿರದ ಗಾದಂಕಿಯಲ್ಲಿ, 1998ರಲ್ಲಿ ಜಪಾನಿನವರ ಸಹಕಾರದಿಂದ ಹಸಿರು ಲೇಸರಿನ ಲಿಡಾರೊಂದು ಸ್ಥಾಪಿತವಾಗಿ, ಮೇಲಿನ ಗಾಳಿಯ ಧೂಳನ್ನೂ ಉಷ್ಣತೆಯನ್ನೂ ತಿಳಿಸತೊಡಗಿತು. ಅದರ ಹೊಡೆತಗಳು ರಾತ್ರಿಯಲ್ಲಿ ನೆಟ್ಟಗೆ ನಿಂತ ಹಸಿರು ದಾರದಂತೆ ಕಾಣುವವು.

ರಾಮನ್ ಅವರು ಇದನ್ನೆಲ್ಲ ನೋಡಲಿಲ್ಲ. 1970ನೆಯ ಇಸವಿ ನವೆಂಬರ್ 21ನೆಯ ತಾರೀಖಿನಲ್ಲಿ, 82 ವರುಷ ತುಂಬಿದ ಎರಡು ವಾರಗಳ ಮೇಲೆ, ತಮ್ಮ ಸಂಶೋಧನಾಲಯದಲ್ಲಿಯೇ ತೀರಿಕೊಂಡರು. ಅವರ ಇಷ್ಟದಂತೆ ಅಲ್ಲಿಯ ತೋಟದಲ್ಲಿಯೇ ದಹನಸಂಸ್ಕಾರವಾಯಿತು. ಅಲ್ಲಿ ಸ್ಮಾರಕದ ಕಲ್ಲಿಲ್ಲ, ಒಂದು ಮರವಿದೆ.

ಅನ್ನಾ ಮಣಿಯವರು 1976ರಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕ ಪದವಿಯಿಂದ ನಿವೃತ್ತರಾದ ಮೇಲೆ ಅದೇ ರಾಮನ್ ಸಂಶೋಧನಾಲಯಕ್ಕೆ ಸಂದರ್ಶಕ ಪ್ರೊಫೆಸರರಾಗಿ ಬಂದು ಮೂರು ವರುಷ ಇದ್ದರು. ಭಾರತದ ಮೇಲೆ ಬೀಳುವ ಬಿಸಿಲಿನ ಲೆಕ್ಕವನ್ನು ಎರಡು ದೊಡ್ಡ ಗ್ರಂಥಗಳಲ್ಲಿ ಕೂಡಿಸಿಕೊಟ್ಟು, 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ನಿಧನರಾದರು. ವಜ್ರಗಳ ಮೇಲೆ ಅವರು ಬರೆದ ಪ್ರಬಂಧವು ಆ ಸಂಶೋಧನಾಲಯದ ಗ್ರಂಥಾಲಯದಲ್ಲಿ, ಪದವಿ ದೊರೆತ ಇತರರ ಪ್ರಬಂಧಗಳ ಸಾಲಿನಲ್ಲಿಯೇ, ಅವುಗಳಂತೆಯೇ ರಟ್ಟು ಕಟ್ಟಿಸಿಕೊಂಡು ಉಳಿದಿದೆ.